ನನ್ನ ಮಗಳಿಗೆ ರಕ್ತ ಕೊಟ್ಟ ಏಳ್ನೂರು ಮಂದಿಗೆ

ನಮಸ್ಕಾರ.

ನೀವು ಯಾರು ಅಂತ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಯಾರ ರಕ್ತ ಯಾರಿಗೆ ಹೋಯಿತು ಅನ್ನುವುದನ್ನು ಬ್ಲಡ್ ಬ್ಯಾಂಕಿನವರು ಹೇಳುವುದಿಲ್ಲ. ಅದು ಸರಿಯಾದ ನಿಯಮವೇ. ಆದರೆ 29 ವರ್ಷ ನಿಮ್ಮ ರಕ್ತದಿಂದ ಬದುಕಿದ ಹುಡುಗಿಯ ತಾಯಿ ನಾನು. ನಿಮಗೆ ಒಂದು ಕಾಗದ ಬರೆಯದೆ ಹೇಗಿರಲಿ? ವಿಳಾಸ ಇಲ್ಲ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನೀವು ಕಾಲೇಜಿನ ಶಿಬಿರದಲ್ಲಿ ಗೆಳೆಯರ ಜೊತೆ ಸಾಲಿನಲ್ಲಿ ನಿಂತು ಕೊಟ್ಟಿರಬಹುದು. ಊರಹಬ್ಬದ ದಿನ ಸಂಘದವರು ಕರೆದರು ಅಂತ ಹೋಗಿರಬಹುದು. ಬಿಸ್ಕತ್ತು ತಿಂದು, ಜ್ಯೂಸ್ ಕುಡಿದು, ಸರ್ಟಿಫಿಕೇಟ್ ತಗೊಂಡು ಮನೆಗೆ ಹೋಗಿ ಮರೆತಿರಬಹುದು. ಆ ಬ್ಯಾಗ್ ಆಮೇಲೆ ಎಲ್ಲಿಗೆ ಹೋಯಿತು, ಅದರಿಂದ ಏನಾಯಿತು ಅಂತ ನಿಮಗೆ ಯಾರೂ ಬಂದು ಹೇಳಿರುವುದಿಲ್ಲ. ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡ್ಕೋಬೇಡಿ.

ನನ್ನ ಮಗಳು ಹುಟ್ಟಿದ್ದು 1994ರ ಫೆಬ್ರವರಿಯಲ್ಲಿ, ಹರಿಹರದಲ್ಲಿ. ಮನೆಯಲ್ಲಿ ಅವಳನ್ನು ಪುಟ್ಟಿ ಅಂತಿದ್ವಿ. ಇಲ್ಲೂ ಹಾಗೇ ಕರೆಯುತ್ತೇನೆ. ಐದು ತಿಂಗಳವರೆಗೆ ಕೆನ್ನೆ ತುಂಬಿಕೊಂಡು ಚೆನ್ನಾಗಿದ್ದಳು. ಆಮೇಲೆ ಬಣ್ಣ ಕಡಿಮೆ ಆಗುತ್ತಾ ಬಂತು. ಅಂಗೈ ಬಿಳಿಚಿಕೊಂಡಿತು. ಹಾಲು ಕುಡಿಯುತ್ತಾ ಕುಡಿಯುತ್ತಾ ಸುಸ್ತಾಗಿ ಬಿಟ್ಟುಬಿಡೋಳು. ಹೊಟ್ಟೆ ಮಾತ್ರ ದಪ್ಪ. ದೃಷ್ಟಿ ತೆಗೆದೆವು, ತಾಯತ ಕಟ್ಟಿದೆವು. ಡಾಕ್ಟರು ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಮೂರು ತಿಂಗಳು ಅದನ್ನೇ ಕುಡಿಸಿದೆ. ಒಂದು ಹನಿ ಚೆಲ್ಲದ ಹಾಗೆ ಕುಡಿಸಿದೆ. ಇವಳ ರೋಗ ಇರುವವರಿಗೆ ಕಬ್ಬಿಣವೇ ಶತ್ರು ಅಂತ ಆಗ ನಮಗಾರಿಗೂ ಗೊತ್ತಿರಲಿಲ್ಲ. ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ನೋಡಿರಲಿಲ್ಲ ಇಂಥದ್ದನ್ನು. ಆದರೆ ಆ ಟಾನಿಕ್ಕಿನ ವಾಸನೆ ಈಗಲೂ ಮೂಗಿನಲ್ಲಿದೆ.

ಬೆಂಗಳೂರಿಗೆ ಕರೆದುಕೊಂಡು ಹೋದ ಮೇಲೆ ಹೆಸರು ಗೊತ್ತಾಯಿತು. ಥಲಸ್ಸೇಮಿಯಾ ಮೇಜರ್. ಕೆಂಪು ರಕ್ತ ಸರಿಯಾಗಿ ತಯಾರಾಗುವುದೇ ಇಲ್ಲ. ಹೊರಗಿನಿಂದ ರಕ್ತ ಹಾಕದಿದ್ದರೆ ಮಗು ಹೆಚ್ಚು ವರ್ಷ ಬದುಕುವುದಿಲ್ಲ. ಹಾಕುತ್ತಾ ಹೋದರೆ ಬದುಕುತ್ತದೆ, ಆದರೆ ಜೀವ ಇರುವವರೆಗೂ ಹಾಕುತ್ತಲೇ ಇರಬೇಕು. ಅವತ್ತು ಎಂಟು ತಿಂಗಳ ಕೂಸಿಗೆ ಮೊದಲ ಸಲ ರಕ್ತ ಹಾಕಿದರು. ನರ ಸಿಗದೆ ತಲೆಯ ಒಂದು ಕಡೆ ಕೂದಲು ಬೋಳಿಸಿ ಅಲ್ಲಿ ಸೂಜಿ ಚುಚ್ಚಿದರು. ಸಂಜೆ ಹೊತ್ತಿಗೆ ಅವಳ ತುಟಿಗೆ ಬಣ್ಣ ಬಂತು. ತೊಡೆಯ ಮೇಲೆ ಕೂತು ನನ್ನ ಸರ ಹಿಡಿದು ಎಳೆದಳು. ಎಷ್ಟೋ ವಾರ ಆಗಿತ್ತು ಅವಳು ಹಾಗೆ ಕೈ ಎತ್ತಿ.

ನಿಮ್ಮಲ್ಲಿ ಮೊದಲನೆಯವರು ಯಾರೋ, ಅವರಿಗೆ ಇದು ತಲುಪಲಿ. ಅವತ್ತು ನನ್ನ ಸರ ಎಳೆದ ಶಕ್ತಿ ನಿಮ್ಮದು.

ನಮ್ಮದು ಸೋದರಿಕೆಯ ಮದುವೆ. ನನ್ನ ಅವ್ವನ ತಮ್ಮನನ್ನೇ ಮದುವೆಯಾದವಳು ನಾನು. ನಮ್ಮ ಕಡೆ ಇದು ಹೊಸದೇನಲ್ಲ. ಆಸ್ತಿ ಹೊರಗೆ ಹೋಗಲ್ಲ, ಹುಡುಗಿ ಕಣ್ಣೆದುರೇ ಇರ್ತಾಳೆ ಅಂತ ಹಿರಿಯರು ಮಾಡೋರು. ಥಲಸ್ಸೇಮಿಯಾದ ಒಂದು ಕೆಟ್ಟ ಜೀನ್ ಇದ್ದರೆ ಮನುಷ್ಯನಿಗೆ ಏನೂ ಆಗುವುದಿಲ್ಲ. ಸ್ವಲ್ಪ ರಕ್ತ ಕಡಿಮೆ ಇರಬಹುದು, ಅಷ್ಟೆ. ತನಗೆ ಅದು ಇದೆ ಅಂತಲೂ ಗೊತ್ತಾಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಮಾತ್ರ ಮಗುವಿಗೆ ಎರಡೂ ಕಡೆಯಿಂದ ಬರಬಹುದು. ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಹಾಗಂತ ಹೊರಗಿನ ಸಂಬಂಧದಲ್ಲಿ ಬರುವುದೇ ಇಲ್ಲ ಅಂತಲ್ಲ. ಆಸ್ಪತ್ರೆಯಲ್ಲಿ ನಾನು ನೋಡಿದ ಎಷ್ಟೋ ಮಕ್ಕಳ ಅಪ್ಪ ಅಮ್ಮ ಒಬ್ಬರಿಗೊಬ್ಬರು ಏನೂ ಆಗಬೇಕಿರಲಿಲ್ಲ.

ನನ್ನ ಅವ್ವ ಇದನ್ನು ಮನಸ್ಸಿಗೆ ತುಂಬಾ ಹಚ್ಚಿಕೊಂಡಳು. "ನಾನೇ ಕಣೆ ಈ ಮದುವೆ ಮಾಡಿಸಿದ್ದು" ಅಂತ ಕಣ್ಣೀರು ಹಾಕೋಳು. ಒಂದು ದಿನ ಪುಟ್ಟಿ, ಆಗ ಅವಳಿಗೆ ಹದಿನಾರೋ ಹದಿನೇಳೋ, ಅಜ್ಜಿಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡಳು. ಎರಡು ತಟ್ಟೆ ಇಟ್ಟಳು. ಎರಡರಲ್ಲೂ ಒಂದೊಂದು ಕಡಲೆಕಾಳು, ಒಂದೊಂದು ಹಲಸಂದೆ ಕಾಳು. "ಅಜ್ಜಿ, ಇದು ಅಪ್ಪ, ಇದು ಅಮ್ಮ. ಹಲಸಂದೆ ಅಂದ್ರೆ ಕೆಟ್ಟದ್ದು. ಮಗುಗೆ ಒಂದೊಂದು ತಟ್ಟೆಯಿಂದ ಒಂದೊಂದು ಕಾಳು. ಕಣ್ಣು ಮುಚ್ಚಿ ತೆಗಿ" ಅಂದಳು. ಅವ್ವ ತೆಗೆದಳು, ಎರಡೂ ಕಡಲೆ ಬಂತು. ಮತ್ತೆ ತೆಗೆದಳು, ಒಂದು ಕಡಲೆ ಒಂದು ಹಲಸಂದೆ. ಐದನೆಯ ಸಲವೋ ಏನೋ ಎರಡೂ ಹಲಸಂದೆ ಬಂದವು. "ನೋಡಜ್ಜಿ, ಇದು ನಾನು. ನಿನ್ನ ಕೈಯಲ್ಲೇ ಬಂದೆ. ನಿನ್ನ ತಪ್ಪೇನಾದ್ರೂ ಇತ್ತಾ ಈಗ?" ಅಂದಳು. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು, ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂತು ಅಂದರೆ ಮುಂದಿನ ಮೂರಕ್ಕೆ ಬರಲ್ಲ ಅಂತಲ್ಲ. ಇದನ್ನು ನಮಗೆ ಅರ್ಥವಾಗುವ ಹಾಗೆ ಯಾರೂ ಹೇಳಿರಲಿಲ್ಲ. ಅವಳು ಕಾಳಿನಲ್ಲಿ ಹೇಳಿದಳು. ಅವ್ವ ಆ ಎರಡು ಹಲಸಂದೆ ಕಾಳನ್ನು ಸೆರಗಿಗೆ ಕಟ್ಟಿಕೊಂಡಳು. ಯಾಕೆ ಅಂತ ನಾನು ಕೇಳಲಿಲ್ಲ.

ನಿಮ್ಮ ರಕ್ತದ ವಿಷಯಕ್ಕೆ ಬರುತ್ತೇನೆ. ಚಿಕ್ಕವಳಿದ್ದಾಗ ನಾಲ್ಕು ವಾರಕ್ಕೊಂದು ಬ್ಯಾಗ್, ಆಮೇಲೆ ಮೂರು ವಾರಕ್ಕೊಂದು. ದೊಡ್ಡವಳಾದ ಮೇಲೆ ಪ್ರತಿ ಮೂರು ವಾರಕ್ಕೆ ಎರಡು ಬ್ಯಾಗ್. ಹಿಂದಿನ ದಿನ ಹೋಗಿ ಕ್ರಾಸ್‌ಮ್ಯಾಚ್‌ಗೆ, ಅಂದರೆ ಆ ರಕ್ತ ಇವಳಿಗೆ ಹೊಂದುತ್ತದೆಯೇ ಅಂತ ನೋಡಲು, ಸ್ಯಾಂಪಲ್ ಕೊಟ್ಟು ಬರಬೇಕು. ಮಾರನೆಯ ದಿನ ಬೆಳಿಗ್ಗೆ ಆರೂವರೆ ಬಸ್ಸಿಗೆ ಹರಿಹರ ಬಿಟ್ಟು ದಾವಣಗೆರೆ. ಒಂದು ಬ್ಯಾಗ್ ಇಳಿಯಲು ಮೂರು ನಾಲ್ಕು ಗಂಟೆ. ರಕ್ತ ಹಾಕಿಸಿಕೊಳ್ಳುವ ವಾರ ಬಂತು ಅಂದರೆ ಅವಳ ತುಟಿ ನೋಡಿಯೇ ನನಗೆ ಗೊತ್ತಾಗುತ್ತಿತ್ತು. ಕ್ಯಾಲೆಂಡರ್ ಬೇಕಿರಲಿಲ್ಲ. ಮಾಳಿಗೆಯ ಹದಿನಾಲ್ಕು ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲೋಳು. ವಾಪಸ್ ಬಂದ ದಿನ ಅದೇ ಮೆಟ್ಟಿಲನ್ನು ಓಡಿಕೊಂಡು ಹತ್ತೋಳು, "ಪೆಟ್ರೋಲ್ ಹಾಕಿಸ್ಕೊಂಡ್ ಬಂದೆ" ಅಂತ ಕೂಗುತ್ತಾ.

ಏಳನೇ ಕ್ಲಾಸು ಮುಗಿದ ರಜೆಯಲ್ಲಿ, 2007ರಲ್ಲಿ, ಅವಳು ಒಂದು ಉದ್ದ ನೋಟ್‌ಬುಕ್ ಶುರು ಮಾಡಿದಳು. ಪ್ರತಿ ಬ್ಯಾಗಿನ ಮೇಲೆ ಒಂದು ಚೀಟಿ ಇರುತ್ತದೆ. ಬ್ಯಾಗ್ ನಂಬರ್, ರಕ್ತದ ಗುಂಪು, ತೆಗೆದ ತಾರೀಖು, ಯಾವ ತಾರೀಖಿನೊಳಗೆ ಬಳಸಬೇಕು ಅನ್ನೋದು. ಕೊಟ್ಟವರ ಹೆಸರು ಇರುವುದಿಲ್ಲ. ಪುಟ್ಟಿ ನಂಬರ್ ಬರೆದುಕೊಳ್ಳುತ್ತಿದ್ದಳು, ಪಕ್ಕದಲ್ಲಿ ತೆಗೆದ ತಾರೀಖು. ಆಮೇಲೆ ಹಳೆಯ ಕ್ಯಾಲೆಂಡರ್ ತೆಗೆದು ಅವತ್ತು ಯಾವ ವಾರ, ಏನು ವಿಶೇಷ ಅಂತ ನೋಡೋಳು. ನೀವು ಯಾರಿರಬಹುದು ಅಂತ ಊಹಿಸೋಳು. ಅದನ್ನೂ ಬರೆಯೋಳು.

ಜನವರಿ 12 ಅಂತಿದ್ದರೆ "ವಿವೇಕಾನಂದ ಜಯಂತಿ, ಕಾಲೇಜಿನವರು". ಅಕ್ಟೋಬರ್ 1, ನವೆಂಬರ್ 1 ಇದ್ದರೆ "ಶಿಬಿರ". ಏಪ್ರಿಲ್ 24ರ ಒಂದು ಬ್ಯಾಗಿನ ಪಕ್ಕ "ರಾಜ್‌ಕುಮಾರ್ ಹುಟ್ಟುಹಬ್ಬ, ಅಭಿಮಾನಿ ದೇವರು" ಅಂತ ಬರೆದಿದ್ದಾಳೆ. 2022ರ ಮಾರ್ಚ್ 17ರದ್ದಕ್ಕೆ "ಅಪ್ಪು ಹುಡುಗರು". ಅದರ ಮುಂದೆ ಒಂದು ಪುಟ್ಟ ಹೂವು ಬಿಡಿಸಿದ್ದಾಳೆ. 2016ರ ಸೆಪ್ಟೆಂಬರ್ 5ರ ಸಾಲಿನಲ್ಲಿ ಹೀಗಿದೆ: "ಗಣೇಶನ ಹಬ್ಬ. ಶಿಕ್ಷಕರ ದಿನ ಬೇರೆ. ಮನೇಲಿ ಕಡುಬು ಬಿಟ್ಟು ಯಾರು ಹೋದ್ರಪ್ಪ?"

ಅವತ್ತು ಕಡುಬು ಬಿಟ್ಟು ಹೋದವರು ಇದನ್ನು ಓದುತ್ತಿದ್ದರೆ, ನಮ್ಮ ಮನೆಗೆ ಬನ್ನಿ. ಹಬ್ಬದ ದಿನವೇ ಬನ್ನಿ.

ಒಂದು ಸಾಲಿನ ಹತ್ತಿರ ನಾನು ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. 2020ರ ಏಪ್ರಿಲ್ 14. ಅಂಬೇಡ್ಕರ್ ಜಯಂತಿ. ದೇಶಕ್ಕೆ ದೇಶವೇ ಲಾಕ್‌ಡೌನ್‌ನಲ್ಲಿತ್ತು. ಮಾರ್ಚ್ ಕೊನೆಯಿಂದ ಶಿಬಿರಗಳೆಲ್ಲ ನಿಂತಿದ್ದವು, ಕಾಲೇಜು ಮುಚ್ಚಿತ್ತು, ಬಸ್ಸಿಲ್ಲ. ಪುಟ್ಟಿಯ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಅವಳಿಗೆ ಒಂಬತ್ತರ ಮೇಲೆ ಇರಬೇಕಿತ್ತು. ಆಸ್ಪತ್ರೆಯಿಂದ ಕೊನೆಗೂ ಫೋನ್ ಬಂತು, ಒಂದು ಬ್ಯಾಗ್ ಇದೆ ಬನ್ನಿ ಅಂತ. ಪಾಸ್ ಮಾಡಿಸಿಕೊಂಡು ಹೋದೆವು. ಬ್ಯಾಗಿನ ಮೇಲಿನ ತಾರೀಖು ನೋಡಿ ಅವಳು ಮಂಚದ ಮೇಲೇ ಪೆನ್ನು ಕೇಳಿದಳು. "ಲಾಕ್‌ಡೌನ್. ಇವರು ಹೇಗೆ ಬಂದರು? ನಡೆದುಕೊಂಡಾ?" ಅಷ್ಟೇ ಬರೆದಿದ್ದಾಳೆ. ಆ ಪ್ರಶ್ನೆಗೆ ಉತ್ತರ ಗೊತ್ತಿರುವವರು ಎಲ್ಲೋ ಇದ್ದೀರಿ.

ಅವಳ ಪುಸ್ತಕದಲ್ಲಿ 538 ಬ್ಯಾಗ್ ಇವೆ. ಅದಕ್ಕಿಂತ ಮುಂಚಿನದ್ದು ಆಸ್ಪತ್ರೆಯ ಚೀಟಿಗಳನ್ನು ಜೋಡಿಸಿದರೆ 170ರ ಹತ್ತಿರ ಬರುತ್ತದೆ. ಒಟ್ಟು ಏಳ್ನೂರು ದಾಟುತ್ತದೆ. ಗುಂಪು ಬಿ ಪಾಸಿಟಿವ್. ಅಪರೂಪದ್ದೇನಲ್ಲ. ಆದರೂ ಏಪ್ರಿಲ್, ಮೇ ಬಂತು ಅಂದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಕಾಲೇಜಿಗೆ ರಜೆ, ಬಿಸಿಲು, ಮದುವೆ ಸೀಸನ್. ರಕ್ತ ಕೊಡುವವರು ಕಡಿಮೆ. ಕೆಂಪು ಕಣಗಳನ್ನು ಫ್ರಿಜ್ಜಿನಲ್ಲಿಟ್ಟರೂ 35ರಿಂದ 42 ದಿನಕ್ಕೆ ಅವುಗಳ ಆಯುಷ್ಯ ಮುಗಿಯುತ್ತದೆ. ಜನವರಿಯಲ್ಲಿ ಶಿಬಿರದ ಮೇಲೆ ಶಿಬಿರ ಮಾಡಿ ಕೂಡಿಟ್ಟರೆ ಮೇ ತಿಂಗಳಿಗೆ ಬರುವುದಿಲ್ಲ. ಒಂದು ಮೇ ತಿಂಗಳು, ರಾತ್ರಿ ಎಂಟು ಗಂಟೆಗೆ, ಒಂದು ರಕ್ತನಿಧಿಯವರು "ನೀವು ಒಬ್ಬರನ್ನು ಕರ್ಕೊಂಡು ಬನ್ನಿ, ಆಮೇಲೆ ಕೊಡ್ತೀವಿ" ಅಂದರು. ಥಲಸ್ಸೇಮಿಯಾದವರಿಗೆ ಬದಲಿ ರಕ್ತ ಕೇಳಬಾರದು ಅಂತ ನಿಯಮವೇ ಇದೆ. ಜಗಳ ಮಾಡುವ ಶಕ್ತಿ ಅವತ್ತು ನಮಗಿರಲಿಲ್ಲ. ನಮ್ಮ ಯಜಮಾನರು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ಗುರುತಿಲ್ಲದ ಹುಡುಗರನ್ನು ಕೈಮುಗಿದು ಕೇಳಿದರು. ಒಬ್ಬ ಬಂದ. ತನ್ನ ಬಸ್ಸು ಬಿಟ್ಟು ಬಂದ. ಕೊಟ್ಟು, ನೀರು ಕುಡಿದು, ಮುಂದಿನ ಬಸ್ಸಿಗೆ ಹೋದ. ಅವನ ಹೆಸರು ಕೇಳುವುದನ್ನು ಮರೆತೆವು.

ರಕ್ತದ ಜೊತೆ ಕಬ್ಬಿಣವೂ ಬರುತ್ತದೆ. ಒಂದು ಬ್ಯಾಗಿನಲ್ಲಿ ಸುಮಾರು 200 ಮಿಲಿಗ್ರಾಂ. ದೇಹ ದಿನಕ್ಕೆ ಹೊರಹಾಕುವುದು ಹೆಚ್ಚೆಂದರೆ ಒಂದೆರಡು ಮಿಲಿಗ್ರಾಂ. ಉಳಿದದ್ದು ಲಿವರ್‌ನಲ್ಲಿ, ಹೃದಯದಲ್ಲಿ ಹೋಗಿ ಕೂರುತ್ತದೆ. ಅದನ್ನು ತೆಗೆಯಲು ಬೇರೆ ಔಷಧಿ. ಅವಳಿಗೆ ಆರು ವರ್ಷ ಆದಾಗ ಒಂದು ಸಣ್ಣ ಪಂಪು ತಂದೆವು. ಪುಡಿ ಔಷಧಿಗೆ ನೀರು ಸೇರಿಸಿ, ಅಲುಗಾಡಿಸದೆ ಅಂಗೈಯಲ್ಲಿ ಹೊರಳಿಸಿ ಕರಗಿಸಬೇಕು. ಸಿರಿಂಜ್ ತುಂಬಿ ಪಂಪಿಗೆ ಕೂರಿಸಿ, ಹೊಟ್ಟೆಯ ಚರ್ಮದ ಕೆಳಗೆ ಚಿಟ್ಟೆಸೂಜಿ ಚುಚ್ಚಿ, ಪ್ಲಾಸ್ಟರ್ ಹಾಕಿ, ಹತ್ತು ಗಂಟೆ ಹಾಗೇ ಬಿಡಬೇಕು. ವಾರದಲ್ಲಿ ಐದು ರಾತ್ರಿ. ಪಂಪು ಸ್ವಲ್ಪ ಸ್ವಲ್ಪ ಹೊತ್ತಿಗೆ ಕಿರ್ ಅಂತ ಒಂದು ಸದ್ದು ಮಾಡುತ್ತಿತ್ತು. ನನಗೆ ಆ ಸದ್ದು ನಿಂತರೆ ಎಚ್ಚರ ಆಗುತ್ತಿತ್ತು. ಈಗಲೂ ಒಮ್ಮೊಮ್ಮೆ ಎಚ್ಚರ ಆಗುತ್ತದೆ.

ನಿಮ್ಮ ಹತ್ತಿರ ಒಂದು ವಿಷಯ ಮುಚ್ಚಿಡಲಾರೆ. ಪುಟ್ಟಿ ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ಯಜಮಾನರ ಕಾರ್ಖಾನೆ ಬಾಗಿಲು ಹಾಕಿತು. ಐದು ರಾತ್ರಿಯ ಔಷಧಿ ಮೂರು ರಾತ್ರಿಗೆ ಇಳಿಯಿತು. ಕೆಲವು ತಿಂಗಳು ಎರಡಕ್ಕೂ ಇಳಿಯಿತು. ನನ್ನ ಬಳೆ ಹೋಯಿತು, ಸರ ಹೋಯಿತು, ಆದರೂ ಸಾಲಲಿಲ್ಲ. ಆಮೇಲೆ ಕ್ಯಾಪ್ಸೂಲ್ ಬಂದವು, ಅದರಿಂದ ಅವಳ ಮಂಡಿ ಊದಿಕೊಂಡವು. ಕಾಲೇಜಿಗೆ ಹೋಗುವ ಹೊತ್ತಿಗೆ ನೀರಲ್ಲಿ ಕರಗಿಸಿ ಕುಡಿಯುವ ಮಾತ್ರೆ ಸಿಕ್ಕಿತು. ಖಾಲಿ ಹೊಟ್ಟೆಯಲ್ಲಿ ಕುಡಿದು, ಲೋಟದ ತಳದಲ್ಲಿ ಉಳಿದ ಸುಣ್ಣದಂಥದ್ದಕ್ಕೆ ಮತ್ತೆ ನೀರು ಹಾಕಿ ಅದನ್ನೂ ಕುಡಿಯೋಳು. ಒಂದು ದಿನವೂ ಬಿಡಲಿಲ್ಲ. ಆದರೆ ಚಿಕ್ಕಂದಿನ ಆ ವರ್ಷಗಳಲ್ಲಿ ಹೃದಯಕ್ಕೆ ಇಳಿದದ್ದು ಇಳಿದಿತ್ತು. ಒಳ್ಳೆಯ ರಕ್ತ ನೀವು ಕೊಟ್ಟಿರಿ. ಅದರ ಕಬ್ಬಿಣ ತೆಗೆಸುವ ಪಾಲು ನಮ್ಮದಿತ್ತು, ಅದನ್ನು ಪೂರ್ತಿ ಮಾಡಲು ನಮ್ಮಿಂದ ಆಗಲಿಲ್ಲ.

ಎಲ್ಲ ತಾಯಂದಿರೂ ಮಕ್ಕಳಿಗೆ ಸೊಪ್ಪು ತಿನ್ನು ಅಂತಾರೆ. ನಾನು ಬೇಡ ಅಂತಿದ್ದೆ. ಊಟದ ಜೊತೆ ಹಾಲಿಲ್ಲದ ಟೀ ಕುಡಿಸುತ್ತಿದ್ದೆ, ಕಬ್ಬಿಣ ಮೈಗೆ ಹತ್ತದಿರಲಿ ಅಂತ. ಮನೆಯ ಕಬ್ಬಿಣದ ಕಾವಲಿ, ಬಾಣಲೆ ಎರಡನ್ನೂ ಕೊಟ್ಟುಬಿಟ್ಟೆ. ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿನ್ನಬೇಡ ಅಂತ ಯಾರಿಗಾದರೂ ಹೇಳೋಕಾಗುತ್ತಾ? ಕಬ್ಬಿಣದ ಹಂಚಿನ ಮೇಲೆ ಹುಯ್ದ ದೋಸೆ ಅದು. ರಕ್ತ ಹಾಕಿಸಿಕೊಂಡ ದಿನ ಒಂದು ದೋಸೆ ಅಂತ ನಮ್ಮಿಬ್ಬರ ಒಪ್ಪಂದ. ಒಂದೇ ಒಂದು. ಅವಳು ಅದನ್ನು ಅಂಚಿನಿಂದ ಶುರು ಮಾಡಿ, ಬೆಣ್ಣೆ ಬಿದ್ದ ನಡುವಿನ ಮೆತ್ತನೆ ಭಾಗವನ್ನು ಕೊನೆಗೆ ಇಟ್ಟುಕೊಂಡು, ಅರ್ಧ ಗಂಟೆ ತಿನ್ನೋಳು. ಹೋಟೆಲಿನವರು ಬೇರೆ ಗಿರಾಕಿ ಕಾಯ್ತಿದ್ದಾರೆ ಅಂತ ನೋಡಿದರೂ ಏಳುತ್ತಿರಲಿಲ್ಲ.

ಅವಳಿಗೆ ಗಣಿತ ಅಂದರೆ ಪ್ರಾಣ. ಬಿ.ಎಸ್ಸಿ ಮಾಡಿದಳು, ಬಿ.ಎಡ್ ಮಾಡಿದಳು. ಓದಿದ್ದರಲ್ಲಿ ಅರ್ಧ ಡ್ರಿಪ್ ಸ್ಟ್ಯಾಂಡಿನ ಕೆಳಗೇ ಓದಿದ್ದು. ಎಡಗೈಗೆ ಸೂಜಿ ಹಾಕಿಸಿಕೊಳ್ಳೋಳು, ಬಲಗೈ ಬರೆಯೋಕೆ ಬೇಕಲ್ಲ. ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆದಳು, ಆಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಥಲಸ್ಸೇಮಿಯಾವನ್ನೂ ಸೇರಿಸಿದೆ. ಆದರೆ ಕೆಲಸದಲ್ಲಿ ಶೇಕಡ 4 ಮೀಸಲಾತಿ ಕೊಡುವ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಕಾರ್ಡು ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಇದು ತಪ್ಪು ಅಂತ ನಾನು ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ತಿಂಗಳಿಗೆ ಒಂದೆರಡು ದಿನ ಆಸ್ಪತ್ರೆಗೆ ರಜೆ ಹಾಕಲೇಬೇಕಾದವರಿಗೆ ಆ ಮೀಸಲಾತಿ ಬೇಡವಾದರೆ ಮತ್ಯಾರಿಗೆ ಬೇಕು?

ಆರು ವರ್ಷ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ನಾಲ್ಕಡಿ ಎಂಟಂಗುಲ ಎತ್ತರ. ಈ ರೋಗದಲ್ಲಿ ಬೆಳವಣಿಗೆ ಕಡಿಮೆ. ಹತ್ತನೇ ಕ್ಲಾಸಿನ ಹುಡುಗರೆಲ್ಲ ಅವಳಿಗಿಂತ ಎತ್ತರ. ಬೋರ್ಡಿನ ಮೇಲ್ಭಾಗ ಒರೆಸಲು ಯಾರಾದರೊಬ್ಬ ಹುಡುಗ ಎದ್ದು ಬರೋನು, ಕೇಳದೆಯೇ. ಗಣಿತದಲ್ಲಿ ಫೇಲ್ ಆಗುತ್ತೇವೆ ಅಂತ ಹೆದರಿದ ಮಕ್ಕಳನ್ನು ಭಾನುವಾರ ನಮ್ಮ ಮನೆಗೆ ಕರೆಸೋಳು. ಮಾಳಿಗೆಯ ಮೇಲೆ ಚಾಪೆ ಹಾಸಿ ಪಾಠ. ನಾನು ಮಂಡಕ್ಕಿ ಒಗ್ಗರಣೆ ಮಾಡಿಕೊಡುತ್ತಿದ್ದೆ. ಎಷ್ಟು ಮಕ್ಕಳು ಆ ಚಾಪೆಯ ಮೇಲೆ ಕೂತು ಎಸ್ಸೆಸ್ಸೆಲ್ಸಿ ಪಾಸಾದರೋ. ಈಗ ಅವರಲ್ಲಿ ಒಬ್ಬ ಪಾಲಿಟೆಕ್ನಿಕ್ ಮುಗಿಸಿದ್ದಾನೆ, ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. ಆ ಮಕ್ಕಳಿಗೆ ಸಮೀಕರಣ ಹೇಳಿಕೊಟ್ಟ ಉಸಿರು ನಿಮ್ಮ ರಕ್ತದ್ದು.

ಮದುವೆ ಅವಳು ಮಾಡಿಕೊಳ್ಳಲಿಲ್ಲ. ಒಂದು ಕಡೆಯಿಂದ ಕೇಳಿದ್ದರು, ಅವಳಿಗೂ ಇಷ್ಟವಿತ್ತು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ಅವಳದ್ದು.

ಬೇರೆಯವರ ಮದುವೆ ವಿಷಯದಲ್ಲಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ನಮ್ಮ ನೆಂಟರಲ್ಲಿ ಮದುವೆ ವಯಸ್ಸಿನವರನ್ನೆಲ್ಲ ಹಿಡಿದು ಎಚ್‌ಬಿ-ಎ2 ಪರೀಕ್ಷೆ ಮಾಡಿಸಿದಳು, ಥಲಸ್ಸೇಮಿಯಾದ ಜೀನ್ ಇದೆಯೇ ಅಂತ ನೋಡುವ ರಕ್ತಪರೀಕ್ಷೆ ಅದು. ಒಂದು ಸಲ ರಕ್ತ ಕೊಟ್ಟರೆ ಮುಗಿಯಿತು, ಜೀವನದಲ್ಲಿ ಒಂದೇ ಸಲ ಸಾಕು. 23 ಜನರಲ್ಲಿ ಆರು ಮಂದಿಗೆ ಆ ಜೀನ್ ಇತ್ತು. ಅವರಲ್ಲಿ ಒಬ್ಬಳು ಪುಟ್ಟಿಗೆ ತಂಗಿಯಾಗಬೇಕು, ಚಿಕ್ಕಪ್ಪನ ಮಗಳು. ಅವಳಿಗೆ ನಿಶ್ಚಯವಾಗಿದ್ದ ಹುಡುಗನಿಗೂ ಇತ್ತು. ಮನೆಯಲ್ಲಿ ಗಲಾಟೆ. ಮದುವೆ ನಿಲ್ಲಿಸಿದವಳು ಅಂತ ಪುಟ್ಟಿಯನ್ನೇ ಬೈದರು. ಅವಳು ನಿಲ್ಲಿಸಿ ಅಂತ ಹೇಳಿರಲೇ ಇಲ್ಲ. "ಗೊತ್ತಿದ್ದು ಮಾಡ್ಕೊಳ್ಳಿ, ಬಸುರಿಯಾದಾಗ ಹನ್ನೊಂದು ಹನ್ನೆರಡನೇ ವಾರದಲ್ಲಿ ಪರೀಕ್ಷೆ ಮಾಡಿಸಿ" ಅಂದಳು, ಅಷ್ಟೆ. ಅವರು ಮದುವೆಯಾದರು. ಬಸುರಾದಾಗ ಬೆಂಗಳೂರಿಗೆ ಜೊತೆಗೆ ಹೋದವಳು ಇವಳೇ. ಮಾಸಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಮಗುವಿಗೆ ರೋಗವಿಲ್ಲ ಅಂತ ಬಂತು. ಆ ಹುಡುಗನಿಗೆ ಈಗ ನಾಲ್ಕು ವರ್ಷ. ನಮ್ಮ ಮನೆಗೆ ಬಂದರೆ ಪುಟ್ಟಿಯ ಸೀಮೆಸುಣ್ಣದ ಡಬ್ಬಿಯನ್ನೇ ಹುಡುಕುತ್ತಾನೆ.

ಆರೋಗ್ಯ ಇಲಾಖೆಯವರು ಇದನ್ನು ಓದಿದರೆ ಒಂದೇ ಮಾತು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಬಸುರಿಯ ಮೊದಲ ರಕ್ತಪರೀಕ್ಷೆಯ ಜೊತೆಗೇ ಈ ಪರೀಕ್ಷೆ ಆಗಲಿ. ಅವಳಿಗೆ ಇದೆ ಅಂತ ಬಂದರೆ ಅದೇ ವಾರ ಗಂಡನಿಗೂ ಆಗಲಿ. 1993ರಲ್ಲಿ ನನಗೆ ಯಾರಾದರೂ ಅದನ್ನು ಮಾಡಿದ್ದರೆ ಏನಾಗುತ್ತಿತ್ತು ಅಂತ ನಾನು ಯೋಚಿಸಿದ್ದೇನೆ. ಯೋಚಿಸಿ ಅರ್ಧಕ್ಕೇ ಬಿಟ್ಟಿದ್ದೇನೆ. ಪುಟ್ಟಿ ಇಲ್ಲದ ನನ್ನ ಬದುಕು ಹೇಗಿರುತ್ತಿತ್ತು ಅಂತ ನನ್ನಿಂದ ಊಹಿಸಲು ಆಗುವುದಿಲ್ಲ. ಆದರೆ ಸೂಜಿ ಚುಚ್ಚುವಾಗ ಅವಳು ಅತ್ತದ್ದೂ ನನಗೆ ನೆನಪಿದೆ. ಎರಡೂ ನಿಜ.

ನಿಮ್ಮ ಋಣ ತೀರಿಸಲು ನಾನೂ ರಕ್ತ ಕೊಡಬೇಕಿತ್ತು. ಎರಡು ಸಲ ಶಿಬಿರಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ಎರಡು ಸಲವೂ ಬೆರಳು ಚುಚ್ಚಿ ನೋಡಿ ವಾಪಸ್ ಕಳಿಸಿದರು. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಇರಬೇಕು. ನನ್ನದು 10.4. ಆ ಜೀನ್ ಇರುವವಳಲ್ಲವೇ ನಾನು. ನಮ್ಮ ಯಜಮಾನರದ್ದೂ ಅದೇ ಕಥೆ. ನನ್ನ ಮಗ, ಪುಟ್ಟಿಯ ತಮ್ಮ, ಅವನಿಗೆ ಅದಿಲ್ಲ. ಅಕ್ಕನಿಗೆ ಕಸಿ ಮಾಡಿ ಗುಣಪಡಿಸೋಣ ಅಂದರೆ ಅವನ ಅಸ್ಥಿಮಜ್ಜೆ ಹೊಂದಲಿಲ್ಲ, ಅದು ಅವನಿಗೆ ಚಿಕ್ಕಂದಿನಿಂದ ದೊಡ್ಡ ಕೊರಗು. 2016ರಲ್ಲಿ ಹದಿನೆಂಟು ತುಂಬಿದ ದಿನವೇ ಹೋಗಿ ರಕ್ತ ಕೊಟ್ಟು ಬಂದ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಅವನು ತನ್ನ ಸರದಿಗಳಲ್ಲಿ ಒಂದನ್ನು ಮೇ ತಿಂಗಳಿಗೆ ಅಂತಲೇ ಇಟ್ಟುಕೊಂಡಿದ್ದಾನೆ. ನೀವೂ ಹಾಗೆ ಮಾಡಿ. ಬರಿ ಹುಟ್ಟುಹಬ್ಬಕ್ಕೆ, ಜಯಂತಿಗೆ ಬೇಡ. ಮೇ ತಿಂಗಳಲ್ಲಿ ಒಂದು ದಿನ ಬನ್ನಿ, ಯಾವ ವಿಶೇಷವೂ ಇಲ್ಲದ ದಿನ. ಅಲ್ಲಿ ಫಾರಂ ತುಂಬುವಾಗ ಕೇಳಿದ್ದಕ್ಕೆಲ್ಲ ನಿಜ ಹೇಳಿ. ಪ್ರತಿ ಬ್ಯಾಗನ್ನೂ ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷೆ ಮಾಡುತ್ತಾರೆ. ಆದರೂ ನಿಮ್ಮ ನಿಜವಾದ ಮಾತು ಬೇಕೇ ಬೇಕು. ಏಳ್ನೂರು ಸಲ ಅಪರಿಚಿತರನ್ನು ನಂಬಿ ಕೈ ಚಾಚಿದವಳ ತಾಯಿಯಾಗಿ ಕೇಳುತ್ತಿದ್ದೇನೆ.

ಇನ್ನು ಕೊನೆಯ ಇಬ್ಬರಿಗೆ. ಒಬ್ಬರು 2023ರ ಜುಲೈ 21ರ ಶುಕ್ರವಾರ ಕೊಟ್ಟವರು. ಇನ್ನೊಬ್ಬರು ಜುಲೈ 23ರ ಭಾನುವಾರ. ನಿಮ್ಮ ರಕ್ತ ಅವಳಿಗೆ ಬಂದದ್ದು ಜುಲೈ 29ರ ಶನಿವಾರ. ಹೆಂಗಸರಿಗೆ ಬಸ್ ಫ್ರೀ ಆಗಿ ಒಂದೂವರೆ ತಿಂಗಳಾಗಿತ್ತು. 29 ವರ್ಷ ಆ ದಾರಿಗೆ ಟಿಕೆಟ್ ತಗೊಂಡವಳು ನಾನು. ಅವಳು ಝೀರೋ ಟಿಕೆಟನ್ನು ಮಡಚಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಳು. ವಾಪಸ್ ಬರುವಾಗ ದೋಸೆ ತಿಂದಳು. ಹೃದಯಕ್ಕೆ ಮಾತ್ರೆ ಶುರುವಾಗಿ ಎರಡು ವರ್ಷ ಆಗಿತ್ತು, ಆದರೆ ಅವತ್ತು ಚೆನ್ನಾಗಿದ್ದಳು.

ಆಮೇಲಿನ 18 ದಿನ ಏನೇನು ಮಾಡಿದಳು ಅಂತ ನಿಮಗೆ ಹೇಳುತ್ತೇನೆ. ಎಫ್‌ಎ-1 ಪರೀಕ್ಷೆಯ ಪೇಪರ್ ತಿದ್ದಿದಳು, ಮೂರು ಸೆಕ್ಷನ್ನಿನದು. ಹಿತ್ತಲಿನ ದಾಸವಾಳಕ್ಕೆ ಬಂದ ಬಿಳಿ ಹುಳಕ್ಕೆ ಬೇವಿನೆಣ್ಣೆ ಹೊಡೆದಳು. ನನ್ನ ಕನ್ನಡಕದ ಫ್ರೇಮ್ ಬದಲಾಯಿಸಿ ತಂದಳು. ತಮ್ಮನ ಜೊತೆ ಒಂದು ದಿನ ಮಾತು ಬಿಟ್ಟಳು, ಮಾರನೇ ದಿನ ತಾನೇ ಮಾತಾಡಿಸಿದಳು. ಆಗಸ್ಟ್ 5ರಂದು ಚಂದ್ರಯಾನ-3 ಚಂದ್ರನ ಕಕ್ಷೆ ಸೇರಿತು. ಸೋಮವಾರ ಕ್ಲಾಸಿನಲ್ಲಿ ಬೋರ್ಡಿನ ತುಂಬಾ ದೀರ್ಘವೃತ್ತ ಬರೆದು ಅದು ಹೇಗೆ ಸುತ್ತಿ ಸುತ್ತಿ ಹತ್ತಿರ ಹೋಗುತ್ತದೆ ಅಂತ ಮಕ್ಕಳಿಗೆ ಹೇಳಿದಳು. 23ಕ್ಕೆ ಇಳಿಯುತ್ತೆ, ಅವತ್ತು ಎಲ್ಲರೂ ಒಟ್ಟಿಗೆ ನೋಡೋಣ ಅಂದಿದ್ದಳಂತೆ. ಆಗಸ್ಟ್ 15ಕ್ಕೆ ಬಿಳಿ ಸೀರೆ ಉಟ್ಟುಕೊಂಡು ಶಾಲೆಗೆ ಹೋದಳು. ಬಾವುಟ ಹಾರಿಸಿದ ಮೇಲೆ ಮಕ್ಕಳಿಗೆ ಬೂಂದಿ ಹಂಚಿದಳು. ಸಂಜೆ ಸ್ವಲ್ಪ ಎದೆ ಡವಡವ ಅಂತಿದೆ ಅಂದಳು. 16ರ ಬೆಳಗಿನ ಜಾವ ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋದಳು. ನನ್ನ ತೊಡೆಯ ಮೇಲೆ ತಲೆ ಇತ್ತು. ತುಟಿಯ ಬಣ್ಣ ಆಗಲೂ ಪೂರ್ತಿ ಹೋಗಿರಲಿಲ್ಲ.

23ರಂದು ಅವಳ ಮಕ್ಕಳು ಶಾಲೆಯಲ್ಲಿ ಚಂದ್ರಯಾನ ಇಳಿದದ್ದನ್ನು ನೋಡಿ, ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದರು. ಯಾರೂ ಏನೂ ಮಾತಾಡಲಿಲ್ಲ. ಮಾಳಿಗೆ ಹತ್ತಿ, ಚಾಪೆ ಹಾಸಿಕೊಂಡು ಕೂತರು. ನಾನು ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟೆ.

ಜುಲೈ 21, ಜುಲೈ 23. ಆ ಎರಡು ಸಾಲಿನ ಪಕ್ಕ ಅವಳು ಇನ್ನೂ ಏನೂ ಬರೆದಿರಲಿಲ್ಲ. ನೀವು ಯಾರಿರಬಹುದು ಅಂತ ಊಹಿಸಲು ಪುರುಸೊತ್ತು ಆಗಿರಲಿಲ್ಲ ಅಂತ ಕಾಣುತ್ತೆ. ಝೀರೋ ಟಿಕೆಟ್ ಆ ಪುಟದಲ್ಲೇ ಇದೆ. ನಾನು ಅದನ್ನು ತೆಗೆದಿಲ್ಲ.

ಇಂತಿ,
ಪುಟ್ಟಿಯ ಅಮ್ಮ
ಹರಿಹರ